ನಾಗಪುರದಲ್ಲಿ ಗೆರೆ ಎಳೆದವಳು

“ಅಜ್ಜಿ, ನಮ್ಮ ಅವ್ವನ ಹೆಸರು ನಿಮಗ ಗೊತ್ತದ ಏನು?”

ಮೊಮ್ಮಗಳು ಮಂಜುಳ ಹೀಗೆ ಕೇಳಿದಾಗ ನಾನು ಹಿತ್ತಿಲ ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಹತ್ತು ವರ್ಷದ ಹುಡುಗಿ. ಬೇಸಗೆ ರಜೆಗೆಂದು ನಾಗಪುರದಿಂದ ಬಂದು ಎಂಟು ದಿನವಾಗಿತ್ತು.

ಇದೆಂಥ ಪ್ರಶ್ನೆ? ನಾನು ಹೆತ್ತ ಮಗಳ ಹೆಸರು ನನಗೆ ಗೊತ್ತಿರುವುದಿಲ್ಲವೇ?

“ರತ್ನ ಕಣೇ,” ಅಂದೆ.

“ಅದು ಅಮ್ಮನ ಹೆಸರು. ನಾ ಕೇಳಿದ್ದು ಅವ್ವನ ಹೆಸರು.”

ನನ್ನ ಕೈ ಮೊರದಲ್ಲೇ ನಿಂತಿತು.

(ಮೂವತ್ತು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿದವಳು ನಾನು. ಈ ಅಂಕಣದಲ್ಲಿ ವಾರವಾರವೂ ಊರಿಗೆಲ್ಲ ಬುದ್ಧಿ ಹೇಳುವವಳೂ ನಾನೇ. ಆದರೂ ಆ ಹುಡುಗಿಗೆ ಉತ್ತರ ಕೊಡುವ ಮೊದಲು ಅಕ್ಕಿಯಲ್ಲಿ ಇಲ್ಲದ ಕಲ್ಲನ್ನು ಹುಡುಕಿದೆ.)

ನಮ್ಮ ಮನೆಯ ಸಂಗತಿಗಳು ನಿಮಗೆ ಸಾಕಷ್ಟು ಗೊತ್ತು. ನಮ್ಮ ಯಜಮಾನರ ನಶ್ಯದ ಡಬ್ಬಿಯಿಂದ ಹಿಡಿದು ನನ್ನ ಹೊಲಿಗೆ ಯಂತ್ರದ ಕಿರಿಕಿರಿಯವರೆಗೆ ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಇದೊಂದನ್ನು ಬರೆದಿರಲಿಲ್ಲ. ಬರೆಯುವ ಮುಖ ಇರಲಿಲ್ಲ ಎಂದರೂ ಸರಿಯೇ.

ಏಳು ವರ್ಷದ ಹಿಂದೆ ನಮ್ಮ ಒಬ್ಬಳೇ ಮಗಳು ರತ್ನ ನಾಗಪುರದಲ್ಲಿ ತೀರಿಕೊಂಡಳು. ವಿಷಮಶೀತ ಜ್ವರ. ಅಳಿಯ ಬಸವರಾಜುಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ. ತಂತಿ ಬಂದ ದಿನವೇ ಹೊರಟು, ಬೆಂಗಳೂರು, ಮದ್ರಾಸು ದಾಟಿ ಮೂರನೆಯ ದಿನ ನಾವು ಅಲ್ಲಿ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಂಜುಳನಿಗೆ ಮೂರು ವರ್ಷ. ಅವಳ ತಮ್ಮ ರವಿ ಇನ್ನೂ ಹಾಲು ಬಿಡದ ಕೂಸು. ಇಬ್ಬರನ್ನೂ ಎತ್ತಿಕೊಂಡು ಮೈಸೂರಿಗೆ ಬಂದುಬಿಟ್ಟೆವು.

ಒಂದು ವರ್ಷ ಅವರು ನಮ್ಮ ಮನೆಯಲ್ಲಿದ್ದರು. ನಜರ್‌ಬಾದಿನ ನಮ್ಮ ಮನೆಗೆ ಮುಂಜಾನೆ ಮೃಗಾಲಯದ ಸಿಂಹ ಕೂಗುವುದು ಕೇಳಿಸುತ್ತದೆ. ಸಿಂಹ ಕೂಗಿದ ಕೂಡಲೇ ಎರಡೂ ಮಕ್ಕಳು ಒಂದೇ ಸಲ ನನ್ನ ಸೆರಗಿನೊಳಗೆ ನುಗ್ಗುತ್ತಿದ್ದವು. ಮಗಳು ಹೋದ ಸಂಕಟದಲ್ಲಿ ನಾನು ಹುಚ್ಚಿಯಾಗದೆ ಉಳಿದಿದ್ದರೆ ಅದು ಆ ಎರಡು ಮಕ್ಕಳಿಂದ.

ಆಮೇಲೆ ಅಳಿಯ ಮರುಮದುವೆಯಾದ. ಹುಡುಗಿ ಗದಗಿನ ಕಡೆಯವಳು, ತಂದೆಗೂ ನಾಗಪುರದ ರೈಲ್ವೆಯಲ್ಲೇ ನೌಕರಿ. ಹೆಸರು ನೀಲಾ. ಲಗ್ನಪತ್ರಿಕೆಯಲ್ಲಿ ಓದಿದ್ದೆ. ಮದುವೆಗೆ ನಾವು ಹೋಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಲು ಅಳಿಯ ಬಂದಾಗ, ಇಲ್ಲೇ ಬಿಟ್ಟು ಹೋಗಪ್ಪ ಎಂದು ಕೈ ಹಿಡಿದುಕೊಂಡು ಕೇಳಿದೆ. ಅವನು ತಲೆ ತಗ್ಗಿಸಿ, “ನನ್ನ ಮಕ್ಕಳು ನನ್ನ ಹತ್ರ ಇರ್ಲಿ ಅತ್ತೆ,” ಅಂದ. ತಪ್ಪೇನು? ಆದರೆ ಆವತ್ತು ನನಗೆ ಹಾಗನಿಸಲಿಲ್ಲ.

ಅವರು ಹೋದ ವಾರದಲ್ಲೇ ಅಳಿಯನಿಗೆ ಒಂದು ಕಾಗದ ಬರೆದೆ. ಅದರ ಒಂದು ಸಾಲು ಇವತ್ತಿಗೂ ಬಾಯಿಪಾಠವಿದೆ: “ಮಕ್ಕಳಿಗೆ ಅವರ ತಾಯಿ ಯಾರೆಂಬುದು ಮರೆಯಬಾರದು, ಮನೆಗೆ ಹೊಸದಾಗಿ ಬಂದವರನ್ನು ಅವರ ಬಾಯಿಂದ ಅಮ್ಮ ಎಂದು ಕರೆಸಕೂಡದು.”

ಯಜಮಾನರು ಓದಿ ನೋಡಿ, “ಈ ಸಾಲು ತೆಗೆದ್ಬುಡು,” ಅಂದರು. ನಾನು ತೆಗೆಯಲಿಲ್ಲ. ನಾನೇ ಹೋಗಿ ಪೋಸ್ಟ್ ಡಬ್ಬಕ್ಕೆ ಹಾಕಿ ಬಂದೆ.

ಇನ್ನು ಮಕ್ಕಳ ಮುಖ ನೋಡಿದ ಹಾಗೇ ಎಂದುಕೊಂಡೆ. ಮಲತಾಯಿಯ ಕಥೆಗಳನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿಲ್ಲ ನಾನು? ಅವಳು ಅವರನ್ನು ನಮ್ಮಿಂದ ಕಡಿದು ಹಾಕುತ್ತಾಳೆ ಎನ್ನುವುದರಲ್ಲಿ ನನಗೆ ಸಂಶಯವೇ ಇರಲಿಲ್ಲ.

ಮೂರು ತಿಂಗಳಾದ ಮೇಲೆ ನಾಗಪುರದಿಂದ ಒಂದು ದಪ್ಪ ಲಕೋಟೆ ಬಂತು. ಒಡೆದರೆ ಒಳಗೆ ಬಿಳಿ ದಾರದ ತುಂಡುಗಳು. ಒಂದೊಂದಕ್ಕೂ ಅಲ್ಲಲ್ಲಿ ಗಂಟು. ಜೊತೆಗೆ ನೋಟ್‌ಬುಕ್ಕಿನ ಹಾಳೆಯ ಮೇಲೆ ನಾಲ್ಕು ಪುಟ್ಟ ಪಾದಗಳ ಸುತ್ತ ಪೆನ್ಸಿಲಿನಲ್ಲಿ ಎಳೆದ ಗೆರೆ. ಕೆಳಗೆ ದುಂಡು ಅಕ್ಷರದಲ್ಲಿ ಎರಡು ಸಾಲು: “ಮಂಜುಳಾ, ರವಿ ಇವರ ಅಳತೆ. ಉದ್ದ, ಎದೆ, ನಡ ಎಲ್ಲಾ ಗಂಟು ಹಾಕಿ ತೋರಿಸಿದೆ. ದಸರಾಕ್ಕ ಅಜ್ಜಿ ಅಂಗಿ ಹೊಲೀತಾರ ಅಂತ ಮಂಜುಳಾ ಹೇಳಿದಳು.”

ಸಹಿ ಇರಲಿಲ್ಲ.

ಯಾರು ಬರೆದದ್ದೆಂದು ತಿಳಿಯಲು ಬಹಳ ಬುದ್ಧಿ ಬೇಕಿತ್ತೇ? ದಾರವನ್ನು ಟೇಪಿನ ಮೇಲಿಟ್ಟು ಅಳೆದೆ. ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಬಟ್ಟೆ ತಂದೆ. ಮಂಜುಳನಿಗೆ ಲಂಗ, ರವಿಗೆ ಚಡ್ಡಿ, ಅಂಗಿ. ಪಾದದ ಅಳತೆ ಕೊಟ್ಟು ಚಪ್ಪಲಿ ಹೊಲಿಸಿದೆ. ಪಾರ್ಸೆಲ್ ಕಳಿಸಿದೆ. ಜೊತೆಗೆ ಒಂದು ಕಾಗದ: “ಚಿರಂಜೀವಿ ಮಂಜುಳ, ಚಿರಂಜೀವಿ ರವಿ, ಇಬ್ಬರಿಗೂ ಆಶೀರ್ವಾದ. ನಿಮ್ಮ ತಂದೆಯವರಿಗೆ ನಮ್ಮ ನೆನಪು ತಿಳಿಸುವುದು.”

ಅಷ್ಟೇ. ಅಳತೆ ತೆಗೆದವಳಿಗೆ ಒಂದು ಮಾತಿಲ್ಲ.

ಅಂದಿನಿಂದ ಆರು ವರ್ಷ, ಪ್ರತಿ ದಸರಾಕ್ಕೂ ಪ್ರತಿ ಯುಗಾದಿಗೂ ಮೊದಲು ದಾರ ಬರುತ್ತಿತ್ತು. ಗಂಟುಗಳ ನಡುವಿನ ಅಂತರ ಹೆಚ್ಚುತ್ತಿತ್ತು. ನನ್ನ ಮೊಮ್ಮಕ್ಕಳು ಬೆಳೆದದ್ದನ್ನು ನಾನು ನೋಡಿದ್ದು ದಾರದಲ್ಲಿ. ವಾರಕ್ಕೊಂದು ಮಕ್ಕಳ ಕಾಗದವೂ ತಪ್ಪಲಿಲ್ಲ, ಅಡಿಯಲ್ಲಿ ಅದೇ ದುಂಡು ಅಕ್ಷರದ, ಸಹಿಯಿಲ್ಲದ ಒಂದು ಸಾಲು. ಮೊದಮೊದಲು ಬರೀ ಗೀಚು. ಆಮೇಲೆ ಅ, ಆ. ಆಮೇಲೆ ಸಾಲು ಸಾಲು. “ಅಜ್ಜಿ, ಸಿಂಹ ಕೂಗ್ತದ ಏನು?” ಎಂದು ರವಿ ಪ್ರತಿ ಕಾಗದದಲ್ಲೂ ಕೇಳುತ್ತಿದ್ದ. ಕೂಗುತ್ತದೆ ಕಣೋ ಎಂದು ನಾನು ಪ್ರತಿ ಕಾಗದದಲ್ಲೂ ಉತ್ತರ ಕೊಡುತ್ತಿದ್ದೆ.

ಮಕ್ಕಳ ಅಕ್ಷರ ಡೊಂಕಾಗಬಾರದೆಂದು ಆ ಹಾಳೆಗಳ ಮೇಲೆ ಯಾರೋ ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಎಳೆದಿರುತ್ತಿದ್ದರು. ಸ್ಕೂಲ್ ಮೇಷ್ಟ್ರಮ್ಮನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ನಮ್ಮ ಅಳಿಯನಿಗೆ ತನ್ನ ಅಂಗಿಯ ಗುಂಡಿ ಸರಿಯಾಗಿ ಹಾಕಿಕೊಳ್ಳುವ ತಾಳ್ಮೆಯೂ ಇಲ್ಲ. ಗೆರೆ ಎಳೆದವರು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆರು ವರ್ಷ ಸುಮ್ಮನಿದ್ದೆ. ಮನೆಯಲ್ಲಿ ಮಾತು ಬಂದರೆ “ನಾಗಪುರದವಳು” ಎನ್ನುತ್ತಿದ್ದೆ. ಹೆಸರು ಹೇಳಿದರೆ ನನ್ನ ರತ್ನನಿಗೆ ಎಲ್ಲಿ ಮೋಸವಾಗಿಬಿಡುತ್ತದೋ ಎಂದು ಭಯ.

ನಡುವೆ ಒಮ್ಮೆ ಅಳಿಯನೇ ಮಕ್ಕಳನ್ನು ನಾಲ್ಕು ದಿನದ ಮಟ್ಟಿಗೆ ಕರೆತಂದಿದ್ದ. ಈ ಬೇಸಗೆಯಲ್ಲಿ ಅವನಿಗೆ ರಜೆ ಸಿಕ್ಕಲಿಲ್ಲ. ಮಕ್ಕಳ ಜೊತೆ ಅವಳು ಬರುತ್ತಾಳೆಂದು ಕಾಗದ ಹಾಕಿದ.

ಎರಡು ದಿನ ನಾನು ಮನೆಯಲ್ಲಿ ನೆಟ್ಟಗೆ ಮಾತಾಡಲಿಲ್ಲ. ಕೊನೆಗೆ ಯಜಮಾನರಿಗೇ ಬೇಸರ ಬಂತು. ಅವರು ವರುಣದ ಕಡೆಯ ಬೇಸಾಯಗಾರರ ಮನೆಯವರು, ಮಾತು ಕಮ್ಮಿ.

“ಬರೋರು ಬರ್ಲಿ ಬುಡು,” ಅಂದರು. “ಮೂರು ದಿನದ ದಾರಿ, ಎರಡು ಮಕ್ಳ ಕಟ್ಕೊಂಡು ಒಬ್ಳೇ ಬತ್ತಾವ್ಳೆ. ನಿನ್ ಮಗ್ಳ ಮಕ್ಳ ನಿಂಗೆ ತೋರ್ಸಕ್ಕೆ ತಾನೆ? ಅವ್ಳಿಗೇನು ಹರಕೆ ಇತ್ತಾ?”

ಸ್ಟೇಷನ್ನಿಗೆ ಹೋದೆವು. ಮೂರನೇ ದರ್ಜೆಯ ಡಬ್ಬಿಯಿಂದ ಮೊದಲು ರವಿ ಹಾರಿದ. ಆಮೇಲೆ ಮಂಜುಳ. ಹಿಂದೆ ಒಂದು ಕೈಯಲ್ಲಿ ತಗಡಿನ ಟ್ರಂಕು, ಇನ್ನೊಂದರಲ್ಲಿ ನೀರಿನ ಕೂಜಾ ಹಿಡಿದು ಒಬ್ಬ ಸಣಕಲು ಹೆಂಗಸು. ಮುಖವೆಲ್ಲ ಇಂಜಿನ್ನಿನ ಮಸಿ. ಎರಡನ್ನೂ ಕೆಳಗಿಟ್ಟು ಪ್ಲಾಟ್‌ಫಾರಂ ಮೇಲೆಯೇ ಬಗ್ಗಿ ನನ್ನ ಕಾಲು ಮುಟ್ಟಿದಳು.

ನಾನು ಏನೆಂದೆ? “ಆಯ್ತು, ಆಯ್ತು. ಜಟಕಾ ಕಾಯ್ತಿದೆ.”

ಎಂಟು ದಿನ ಅವಳನ್ನು “ನೀವು” ಎಂದು ಕರೆದೆ. ಪರಸ್ಥಳದ ನೆಂಟರಿಗೆ ಕೊಡುವ ಮರ್ಯಾದೆಯನ್ನೆಲ್ಲ ಕೊಟ್ಟೆ. (ಮರ್ಯಾದೆ ಕೊಟ್ಟೇ ಮನುಷ್ಯರನ್ನು ಹೊಸ್ತಿಲಾಚೆ ನಿಲ್ಲಿಸಬಹುದು. ನಮ್ಮ ಮೈಸೂರಿನವರಿಗೆ ಅದು ಚೆನ್ನಾಗಿ ಬರುತ್ತದೆ.) ಅವಳು ನನ್ನನ್ನು ಮಕ್ಕಳ ಹಾಗೆ “ಅಜ್ಜಿ” ಎನ್ನುತ್ತಿದ್ದಳು. ಬೇರೆ ಏನೆಂದು ಕರೆಯಬೇಕೋ ಅವಳಿಗೂ ತಿಳಿದಿರಲಿಲ್ಲ. ನನಗಿಂತ ಮೊದಲು ಎದ್ದು ಒಲೆ ಹಚ್ಚುತ್ತಿದ್ದಳು. ಉಪ್ಪಿನ ಜಾಡಿ ಮುಟ್ಟುವುದಕ್ಕೂ ಮೊದಲು “ತಗೊಳ್ಳಲೇನ್ರಿ?” ಎಂದು ಕೇಳುತ್ತಿದ್ದಳು.

ಆ ಎಂಟನೆಯ ದಿನ ಅವಳು ಯಜಮಾನರ ಜೊತೆ ಮಾರ್ಕೆಟ್ಟಿಗೆ ಹೋಗಿದ್ದಾಗಲೇ ಮಂಜುಳ ನನ್ನ ಪಕ್ಕ ಬಂದು ಕೂತು ಆ ಪ್ರಶ್ನೆ ಕೇಳಿದ್ದು.

“ಗೊತ್ತು ಕಣೇ. ನೀಲಾ,” ಅಂದೆ. ನನ್ನ ಬಾಯಿಂದ ಆ ಹೆಸರು ಹೊರಟಿದ್ದು ಅದೇ ಮೊದಲು.

“ಗೊತ್ತಿದ್ರ ಯಾಕ ಬರಿಯಂಗಿಲ್ಲ?”

“ಎಲ್ಲಿ?”

“ಕಾಗದದಾಗ. ನಿಮ್ಮ ಕಾಗದ ಬಂತಂದ್ರ ಅವ್ವನ ನಮಗ ಓದಿ ಹೇಳ್ತಾಳ. ಆಮ್ಯಾಲೆ ಕೊನೀ ಸಾಲು ತಾನೊಬ್ಬಾಕಿನ ಮತ್ತೊಮ್ಮೆ ನೋಡ್ತಾಳ. ತನ್ನ ಹೆಸರು ಇರಂಗಿಲ್ಲ. ಮಡಚಿ ಇಡ್ತಾಳ.” ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದು ಸೇರಿಸಿದಳು: “ನಿಮಗ ಹೆಸರು ಗೊತ್ತಿಲ್ಲ ಅಂತ ನಾ ತಿಳಕೊಂಡಿದ್ದೆ.”

“ಅವಳನ್ನ ಯಾಕೆ ಅವ್ವ ಅಂತ ಕರೀತೀರಿ ನೀವು?” ನನಗೆ ಕೇಳದೆ ಇರಲಾಗಲಿಲ್ಲ.

“ಅಮ್ಮ ಅಂದ್ರ ಫೋಟೋದಾಗಿನ ಅಮ್ಮ. ಈಕಿ ಅವ್ವ. ಹಂಗಂತ ಅವ್ವನ ಹೇಳ್ಯಾಳ.”

ಅಕ್ಕಿಯಲ್ಲಿ ಕಲ್ಲು ಕಾಣದಾಯಿತು. ಮೊರ ಕೆಳಗಿಟ್ಟೆ.

ಸಾಯಂಕಾಲ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಟೇಪು ಹಿಡಿದು ಹೋಗಿ ಬಾಗಿಲಲ್ಲಿ ನಿಂತೆ. ಏನು ಹೇಳಬೇಕೆಂದು ಮಧ್ಯಾಹ್ನವೆಲ್ಲ ಯೋಚಿಸಿದ್ದೆ. ಬಾಯಿಗೆ ಬಂದದ್ದು ಇಷ್ಟೇ: “ನೀಲಾ, ಇಲ್ಲಿ ಬಾ. ಕೈ ಎತ್ತು.”

“ಯಾಕ್ರೀ?”

“ಕುಪ್ಪಸಕ್ಕೆ ಅಳತೆ ತಗೋಬೇಕು.”

“ನನಗ್ಯಾಕ್ರೀ ಅಜ್ಜಿ? ನನ್ನ ಕಡೆ ಅದಾವ್ರಿ.”

“ಇರ್ಲಿ. ಕೈ ಎತ್ತು.”

ಎತ್ತಿದಳು. ಅಳತೆ ಮಾಡುತ್ತ, ಅವಳ ಬೆನ್ನಿನ ಹಿಂದೆ ನಿಂತೇ ಕೇಳಿದೆ. ಎದುರಿಗೆ ನಿಂತು ಕೇಳುವ ಧೈರ್ಯವಿರಲಿಲ್ಲ. “ಆರು ವರ್ಷದ ಹಿಂದೆ ನಾನು ಒಂದು ಕಾಗದ ಬರೆದಿದ್ದೆ. ಮಕ್ಕಳು ನಿನ್ನನ್ನ ಅಮ್ಮ ಅನ್ನಬಾರದು ಅಂತ. ಅದನ್ನ ನೀನು ಓದಿದ್ಯಾ?”



“ಓದೀನ್ರಿ. ಹುಡುಗೂರು ಮನಿಗೆ ಬಂದು ಹತ್ತು ದಿನಾನೂ ಆಗಿರಲಿಲ್ಲ. ಇವರು ಬಚ್ಚಿಟ್ಟಿದ್ರು. ಅಂಗಿ ಒಗೀಲಿಕ್ಕೆ ತಗೊಂಡಾಗ ಕಿಸೇದಾಗ ಸಿಕ್ತು.”

“ಸಿಟ್ಟು ಬರಲಿಲ್ವಾ?”

“ಬಂತ್ರಿ. ಸುಳ್ಳು ಯಾಕ ಹೇಳ್ಲಿ? ಎರಡು ದಿನ ಊಟ ಸೇರಲಿಲ್ಲ. ಆಮ್ಯಾಲೆ ಅನಿಸ್ತು, ಮಗಳನ್ನ ಕಳಕೊಂಡವರು ಮತ್ತ ಹೆಂಗ ಬರೀತಾರ? ಅಮ್ಮ ಅನ್ನೂದು ಅವರ ಮಗಳದು, ಅದು ಆಕಿಗೇ ಇರಲಿ ಅಂದ್ಕೊಂಡೆ. ನಮ್ಮ ಕಡೆ ಅವ್ವ ಅಂತೀವಲ್ರಿ. ನನಗ ಅದು ಸಾಕಾತು.”

“ಅಷ್ಟಾದ ಮೇಲೂ ಅಳತೆ ಕಳಿಸಿದೆ. ವಾರವಾರ ಕಾಗದ ಬರೆಸಿದೆ. ನಾನು ನಿನಗೆ ಒಂದು ಸಾಲೂ ಬರೀಲಿಲ್ಲ. ಯಾಕೆ ಬಿಡಲಿಲ್ಲ ನೀನು?”

ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. “ನಾ ಐದು ವರ್ಷದಾಕಿ ಇದ್ದಾಗ ನಮ್ಮವ್ವ ಹೋದ್ಲು. ಅಪ್ಪ ಮತ್ತೊಂದು ಮದಿವಿ ಆದ್ರು. ಅವ್ವನ ತವರಿನವರು ಆಮ್ಯಾಲೆ ಬರಲಿಲ್ಲ. ನಮ್ಮನ್ನೂ ಯಾರೂ ಕಳಿಸಲಿಲ್ಲ. ನನಗೊಬ್ಬಾಕಿ ಅಜ್ಜಿ ಇದ್ಲಂತ. ಆಕಿ ಮುಖ ಹೆಂಗಿತ್ತು ಅನ್ನೂದು ನನಗ ಗೊತ್ತಿಲ್ರಿ. ಈ ಹುಡುಗೂರಿಗೆ ಹಂಗ ಆಗಬಾರದು ಅನಿಸ್ತು, ಅಷ್ಟ.”

ಟೇಪು ನನ್ನ ಕೈಯಿಂದ ಜಾರಿತು. ಹುಡುಕುವ ನೆಪದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡೆ. ಏಳುತ್ತ, “ತಪ್ಪಾಯ್ತು ಕಣಮ್ಮ,” ಅಂದೆ. ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು.

“ಹಂಗನಬ್ಯಾಡ್ರಿ,” ಅಂದಳು. ಆಮೇಲೆ ಮೆಲ್ಲಗೆ, “ಕೈ ಇಳಿಸಲೇನ್ರಿ ಅಜ್ಜಿ? ನೋಯಾಕತ್ಯಾವು.”

ಪಾಪ, ಅಷ್ಟು ಹೊತ್ತೂ ಎರಡು ಕೈಯನ್ನೂ ಅಗಲಿಸಿಕೊಂಡು ನಿಂತೇ ಇದ್ದಳು. ಇಬ್ಬರಿಗೂ ನಗು ಬಂತು. ನಗುವಿನ ಸದ್ದಿಗೆ ಯಜಮಾನರು ನಡುಮನೆಯಿಂದ ಇಣುಕಿ ನೋಡಿ, ಏನೂ ಕೇಳದೆ ಹಿಂದಕ್ಕೆ ಹೋದರು.

ಅದಾದ ಮೇಲೆ ಹದಿನೈದು ದಿನ ಅವರೆಲ್ಲ ಇಲ್ಲಿದ್ದರು. ಆ ದಿನಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಜಗಳವಾಡಿದೆವು ಎಂದರೆ ಸಾಕು. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ, ರಾಗಿಮುದ್ದೆ ಹೆಚ್ಚೋ ಜೋಳದ ರೊಟ್ಟಿ ಹೆಚ್ಚೋ ಎಂದು. (ರಾಜ್ಯ ಒಂದಾಗಿ ಇಷ್ಟು ವರ್ಷವಾದ ಮೇಲಾದರೂ ಅಡುಗೆಮನೆ ಒಂದಾಗಬೇಡವೇ?) ನಾನು ಹೊಲಿದ ಕುಪ್ಪಸದ ತೋಳು ಬಿಗಿಯಾಯಿತು. ಮಾತಾಡುತ್ತ ಅಳತೆ ತೆಗೆದರೆ ಇನ್ನೇನಾಗುತ್ತದೆ? ಬಿಚ್ಚಿ ಹೊಲಿಯುತ್ತೇನೆಂದರೂ ಕೇಳದೆ, ಅದನ್ನೇ ತೊಟ್ಟುಕೊಂಡು ರೈಲು ಹತ್ತಿದಳು.

ಅವರು ಹೋದ ಮೇಲೆ ಕೂತು ಯೋಚಿಸಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೈಸೂರಿನಲ್ಲಿ ಈಗ ಬೀದಿಗೆ ನಾಲ್ಕು ಮನೆಯಾದರೂ ನಮ್ಮಂಥವು. ಒಬ್ಬರ ಮೊಮ್ಮಕ್ಕಳು ಬೊಂಬಾಯಿಯಲ್ಲಿ, ಇನ್ನೊಬ್ಬರ ಮೊಮ್ಮಕ್ಕಳು ದಿಲ್ಲಿಯಲ್ಲಿ. ಕಾಗದ ಬಂದ ದಿನ ನಾವು ಬೀದಿಗೆಲ್ಲ ಓದಿ ಹೇಳುತ್ತೇವೆ. ಎಷ್ಟು ದೂರವಿದ್ದರೂ ನಮ್ಮನ್ನು ಮರೆತಿಲ್ಲ ನೋಡಿ, ನಮ್ಮ ರಕ್ತ ಎಂದು ಬೀಗುತ್ತೇವೆ. ರಕ್ತಕ್ಕೆ ವಿಳಾಸ ಬರೆಯಲು ಬರುತ್ತದೆಯೇ? ಅಂಚೆ ಚೀಟಿ ಅಂಟಿಸಲು ಬರುತ್ತದೆಯೇ? ಭಾನುವಾರ ಆಡುತ್ತಿರುವ ಮಕ್ಕಳನ್ನು ಹಿಡಿದು ತಂದು, ಹಾಳೆಗೆ ಗೆರೆ ಹಾಕಿ, ಅಜ್ಜಿಗೆ ನಾಲ್ಕು ಸಾಲು ಬರೆದು ಆಮೇಲೆ ಆಡು ಎನ್ನುವವರು ಆ ಕಡೆ ಒಬ್ಬರು ಇರಬೇಕು. ಅವರು ಸುಮ್ಮನಾದರೆ ಮುಗಿಯಿತು. ಎರಡು ವರ್ಷದಲ್ಲಿ ನಾವು ಗೋಡೆಯ ಮೇಲಿನ ಫೋಟೋ.

ಅವರು ಸೊಸೆಯಿರಬಹುದು, ಅಳಿಯನಿರಬಹುದು. ನಮ್ಮ ಮನೆಯಲ್ಲಿ ಮಾತ್ರ, ನಾನು ಮುಖ ಕೊಟ್ಟು ಮಾತಾಡಿಸದಿದ್ದ ಒಬ್ಬಳು.

ಕಳೆದ ತಿಂಗಳು ಅವಳ ಹೆಸರಿಗೆ ಮೊದಲ ಕಾಗದ ಬರೆದೆ. ಇನ್‌ಲ್ಯಾಂಡ್ ಲೆಟರ್ ಮುಂದಿಟ್ಟುಕೊಂಡು ಮೇಲಿನ ಒಕ್ಕಣೆಗೇ ಒಂದು ಗಂಟೆ ಕೂತಿದ್ದೆ. ಮಗಳಿಗೆ ಬರೆಯುವಾಗ “ಚಿರಂಜೀವಿ ಸೌಭಾಗ್ಯವತಿ” ಎನ್ನುತ್ತೇವಲ್ಲ, ಆ ಎರಡು ಪದಗಳನ್ನು ಜೊತೆಯಾಗಿ ನನ್ನ ಪೆನ್ನು ಬರೆದು ಏಳು ವರ್ಷವಾಗಿತ್ತು. ಬರೆದೆ. ರತ್ನ ಗೋಡೆಯ ಮೇಲಿಂದ ನೋಡುತ್ತಿದ್ದಳು. ಅವಳಿಗೇನೂ ಮೋಸವಾದ ಹಾಗೆ ಕಾಣಲಿಲ್ಲ.

ಮೊನ್ನೆ ಸೋಮವಾರ ಉತ್ತರ ಬಂತು. ಕೆಳಗೆ ದುಂಡು ಅಕ್ಷರದಲ್ಲಿ ಸಹಿ ಇತ್ತು. ಒಳಗಿನ ವಿಷಯ ಹೀಗಿದೆ:

“ಮಂಜುಳಾ ಹೇಳಿದ್ದು ಒಂದೂ ಕೇಳಂಗಿಲ್ಲ. ನಿಮ್ಮ ಮನೀಗೆ ಹೋಗಿ ಬಂದ ಮ್ಯಾಲಂತೂ ಭಾಳ ಆಗೇದ. ಲೆಕ್ಕ ಮಾಡು ಅಂದ್ರ ಹೊಟ್ಟಿ ನೋವು ಅಂತಾಳ. ರವಿ ಬಾಜೂ ಮನಿ ಹುಡುಗನ ತಲೀಗೆ ಕಲ್ಲು ಒಗದು ರಕ್ತಾ ಬರಿಸ್ಯಾನ. ಇವರಿಗೆ ಹೇಳಿದ್ರ ನಗತಾರ. ನನಗ ಸಾಕಾಗಿ ಹೋಗೇದ. ನೀವ ಸ್ವಲ್ಪ ಜೋರು ಮಾಡಿ ಇಬ್ಬರಿಗೂ ಬೈದು ಬರೀರಿ.”

ಓದಿದವಳೇ ಎದ್ದು ಹೋಗಿ ಆರು ವರ್ಷದ ಕಾಗದಗಳ ಕಟ್ಟನ್ನು ಬಿಚ್ಚಿದೆ. ಪ್ರತಿಯೊಂದರ ಅಡಿಯಲ್ಲೂ ಅವಳ ಕೈಬರಹದ ಒಂದು ಸಾಲಿದೆ: ಮಕ್ಕಳು ಆರಾಮ ಅದಾರ, ಚಲೋ ಓದತಾರ, ಹಟ ಮಾಡಂಗಿಲ್ಲ. ಒಂದರಲ್ಲೂ ದೂರಿಲ್ಲ. ಇನ್ಸ್‌ಪೆಕ್ಟರು ಬರುವ ದಿನ ಶಾಲೆಯಲ್ಲಿ ನಾವು ಚೆಂದದ ನೋಟ್‌ಬುಕ್ಕುಗಳನ್ನೇ ಮೇಲೆ ಜೋಡಿಸಿಡುತ್ತಿದ್ದೆವಲ್ಲ, ಹಾಗೆ. ನನ್ನ ಮೊಮ್ಮಕ್ಕಳು ದೇವರಂಥವರು ಎಂದು ನಾನು ನಂಬಿಕೊಂಡು ಕೂತಿದ್ದೆ.

ಕಾಗದವನ್ನು ಯಜಮಾನರ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಸರಿಯಾಗ್ ಬೋಯ್ದು ಬರಿ,” ಅಂದು ನಶ್ಯ ಏರಿಸಿಕೊಂಡು ಅತ್ತ ತಿರುಗಿದರು. ಕಣ್ಣಲ್ಲಿ ನೀರು ಬಂದದ್ದು ನಶ್ಯದಿಂದಲೇ ಇರಬೇಕು.

ಇಬ್ಬರಿಗೂ ಚೆನ್ನಾಗಿ ಬೈದು ಎರಡು ಪುಟ ಬರೆದು ಹಾಕಿದ್ದೇನೆ. ಇಷ್ಟು ಸಂತೋಷದಿಂದ ನಾನು ಯಾರನ್ನೂ ಬೈದದ್ದಿಲ್ಲ.

ತನ್ನ ಮಕ್ಕಳ ಮೇಲೆ ಒಬ್ಬ ಹೆಣ್ಣು ಇಷ್ಟು ಸಲಿಗೆಯಿಂದ ದೂರು ಹೇಳುವುದು ಯಾರ ಹತ್ತಿರ, ನೀವೇ ಹೇಳಿ?